ಅಂಚಿನ ಕಾಲಾಳು ಗೆಲ್ಲದ ದಿನ

ಗುಳೇದಗುಡ್ಡ
ಇಸವಿ ೨೧೭೮, ಮಾನವಮಿ ಅಮಾವಾಸ್ಯೆ

ಹಿರಿಯರೇ,

ಇದನ್ನು ಓದುತ್ತಿರುವ ನಿಮಗೆ ಇಪ್ಪತ್ತರ ಹರೆಯ ಇರಬಹುದು, ನನಗೆ ಅರವತ್ತು ದಾಟಿದೆ. ಆದರೂ ನನಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು ಹುಟ್ಟಿದವರನ್ನು ಬೇರೆ ಏನೆಂದು ಕರೆಯಲಿ? ನನ್ನ ಕೆಲವು ಪದಗಳು ನಿಮಗೆ ಹೊಸವು ಅನಿಸಿದರೆ ಕ್ಷಮಿಸಿ. ನಿಮ್ಮ ಎಷ್ಟೋ ಪದಗಳು ನಮ್ಮ ಬಾಯಲ್ಲಿ ಸವೆದು ಬೇರೆಯೇ ಆಗಿವೆ. ನಮ್ಮಲ್ಲಿ ಈ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವಾಗ ಹೋಳಿಗೆಯ ಪಕ್ಕ ಒಂದು ಹಿನ್ನೋಲೆಯನ್ನೂ ಇಡುವ ರೂಢಿ ಬಂದಿದೆ. ಹಿನ್ನೋಲೆ ಎಂದರೆ ಹಿಂದಿನವರಿಗೆ ಬರೆಯುವ ಓಲೆ. ಅದು ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಎಡೆಯನ್ನು ಯಾರು ಉಂಡರು ಎಂದು ಕೇಳುತ್ತೇವೆಯೇ?

ಮನೆಯ ಉಳಿದವರೆಲ್ಲ ತಮ್ಮ ತಮ್ಮ ಮುತ್ತಜ್ಜಂದಿರಿಗೆ ಬರೆದಿದ್ದಾರೆ. ನಾನು ಗುರುತಿಲ್ಲದ ನಿಮಗೆ ಬರೆಯುತ್ತಿದ್ದೇನೆ. ಒಂದು ಪೈಸೆ ಕೇಳದೆ, ಫೋನಿನ ಪರದೆಯ ಮುಂದೆ ಕೂತು, ಮುಖ ಕಾಣದ ಜನರಿಗೆ ಚದುರಂಗ ಕಲಿಸುತ್ತಿರುವವರಿಗೆ, ಅವರಿಂದ ಕಲಿಯುತ್ತಿರುವವರಿಗೆ, ಅವರನ್ನು ಬೈಯುತ್ತಿರುವವರಿಗೆ ಕೂಡ.

ನಮ್ಮ ದಿನ ಹೇಗಿರುತ್ತದೆ ಎಂದು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯದು. ನಾವು ನಸುಕಿನಲ್ಲಿ ಎದ್ದು ಬೆಳಗಿನ ಕೆಲಸ ಮುಗಿಸುತ್ತೇವೆ. ಹೊತ್ತು ನೆತ್ತಿಗೆ ಬರುವ ಮೊದಲೇ ಊರಿನ ಕೊಂಬು ಊದುತ್ತದೆ. ಅಲ್ಲಿಂದ ಸಂಜೆ ನೆರಳು ಉದ್ದವಾಗುವ ತನಕ ಉರಿಹೊತ್ತು. ಉರಿಹೊತ್ತಿನಲ್ಲಿ ಯಾರೂ ಹೊರಗೆ ಕಾಲಿಡುವಂತಿಲ್ಲ. ಅದು ಕಾಯಿದೆ, ಜೀವ ಉಳಿಸಿಕೊಳ್ಳುವ ದಾರಿಯೂ ಹೌದು. ಕಿಟಕಿಗೆ ತಂಪುಖಣ ಇಳಿಬಿಟ್ಟು ಒಳಗೆ ಕೂರುತ್ತೇವೆ. ನಮ್ಮೂರಿನ ಕುಪ್ಪಸದ ಖಣ ನಿಮಗೆ ಗೊತ್ತಿರಬೇಕು. ಅದೇ ಮಗ್ಗಗಳಲ್ಲಿ ಈಗ ಬಿಸಿಲನ್ನು ಹಿಂದಕ್ಕೆ ತಳ್ಳುವ ಎಳೆ ಹಾಕಿ ಪರದೆ ನೇಯುತ್ತಾರೆ. ನನ್ನ ಉದ್ಯೋಗವೂ ಅದೇ, ತೇರಿನ ಬುಟ್ಟಾ ಚಿತ್ತಾರ ಮಾತ್ರ ಈಗಲೂ ಬಿಟ್ಟಿಲ್ಲ. ಹೊಟ್ಟೆ ತುಂಬಿರುತ್ತದೆ, ಮನೆ ತಣ್ಣಗಿರುತ್ತದೆ, ಆದರೆ ಹೊತ್ತು ಹೋಗುವುದಿಲ್ಲ. ಒಂಟಿಯಾಗಿರುವವರಿಗೆ ಆ ಹೊತ್ತು ಬಿಸಿಲಿಗಿಂತ ಕೆಟ್ಟದ್ದು. ಅದಕ್ಕೇ ಅಗಸಿಕಟ್ಟೆ ಹುಟ್ಟಿತು. ನಿಮ್ಮ ಕಾಲದ ಊರುಗಳಲ್ಲಿ ಅಗಸಿ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಜನ ಕೂಡುತ್ತಿದ್ದರಂತೆ. ನಮ್ಮದು ಪರದೆಯ ಮೇಲಿನ ಕಟ್ಟೆ. ಬೀದರಿನಿಂದ ಕಾರವಾರದ ತೇಲುಕೇರಿಗಳವರೆಗಿನ ಜನ ಉರಿಹೊತ್ತಿನಲ್ಲಿ ಅಲ್ಲಿ ಬಂದು ಚದುರಂಗ ಆಡುತ್ತಾರೆ, ಬಾರದವರು ಕಲಿಯುತ್ತಾರೆ. ಕಲಿಸುವವರಿಗೆ ಸಂಬಳವಿಲ್ಲ. ಬಾಗಿಲು ನೋಡಿಕೊಳ್ಳಲು, ಜಗಳ ಬಿಡಿಸಲು ಕೆಲವರನ್ನು ಆರಿಸುತ್ತಾರೆ, ಅವರಿಗೆ ಅಗಸಿಯವರು ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ಈ ಕತೆ ನಡೆದಾಗ ನಾನು, ಸುವರ್ಣಾ ಬರಗುಂಡಿ, ಅಗಸಿಯವರಲ್ಲಿ ಒಬ್ಬಳು.

ಹೊಸಬರಿಗೆ ಪಾಠ ಹೇಳುತ್ತಿದ್ದವರು ಚೆನ್ನಬಸಮ್ಮ ಹೂಗಾರ. ಇಳಕಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ದಾದಿ. ಎಲ್ಲರೂ ಅವರನ್ನು ಹೂಗಾರ ಅಕ್ಕೋರು ಎಂದೇ ಕರೆಯುತ್ತಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಅವರು ದೊಡ್ಡ ಆಟಗಾರ್ತಿಯಲ್ಲ, ಹಾಗೆಂದು ಹೇಳಿಕೊಂಡವರೂ ಅಲ್ಲ. ಆದರೆ ಕುದುರೆಯ ನಡೆಯನ್ನು ಹತ್ತನೆಯ ಸಲ ಕೇಳಿದರೂ ಮೊದಲ ಸಲದ ದನಿಯಲ್ಲೇ ಹೇಳುತ್ತಿದ್ದರು. ಅವರ ತರಗತಿಯಲ್ಲಿ ಲಕ್ಕುಂಡಿಯ ಬಾಳವ್ವ ತಳವಾರ ಎಂಬ ಮುದುಕಿ ಇದ್ದಳು. ಗಂಡ ತೀರಿಕೊಂಡ ಮೇಲೆ ಯಾರ ಕೂಡಲೂ ಮಾತು ಬಿಟ್ಟಿದ್ದವಳು. ನೆರೆಯವರ ಒತ್ತಾಯಕ್ಕೆ ಕಟ್ಟೆಗೆ ಬಂದು ಒಂದು ಇಡೀ ಬೇಸಿಗೆ ಸುಮ್ಮನೆ ಕೂತಿದ್ದಳು. ಅಕ್ಕೋರು ದಿನವೂ ಒಂಟೆಯ ಕಾಯಿ ತೋರಿಸಿ, ಅವಳ ಹೆಸರು ಹಿಡಿದು, "ಬಾಳವ್ವಾರ, ಈ ಒಂಟಿ ಎಲ್ಲಿಗೆ ಹೋಗಬೇಕ್ರಿ?" ಎಂದು ಕೇಳುವರು, ಉತ್ತರ ಬಾರದಿದ್ದರೂ ಮರುದಿನ ಮತ್ತೆ ಕೇಳುವರು. ಒಂದು ದಿನ ಮುದುಕಿ, "ಅಡ್ಡ ಹೋಗಬೇಕ್ರಿ, ಓರಿಯಾಗಿ" ಎಂದಳು. ಆ ದಿನ ತರಗತಿ ಪಾಠವನ್ನೇ ಮರೆತು ಚಪ್ಪಾಳೆ ತಟ್ಟಿತು.

ಇಂಥ ಅಕ್ಕೋರು ಒಂದು ಮಧ್ಯಾಹ್ನ ತಪ್ಪು ಪಾಠ ಹೇಳಿದರು. ಹಿಂದಿನ ದಿನ ಆಸ್ಪತ್ರೆಯಲ್ಲಿ ಕಷ್ಟದ ಹೆರಿಗೆಯಿತ್ತು, ಮೈಯೆಲ್ಲ ದಣಿದಿತ್ತು. ಆಟದ ಕೊನೆಯಲ್ಲಿ ರಾಜನೂ ಒಂದೇ ಒಂದು ಕಾಲಾಳೂ ಉಳಿದರೆ ಆ ಕಾಲಾಳನ್ನು ಮುಂದೆ ನಡೆಸಿ ಮಂತ್ರಿ ಮಾಡಿ ಗೆಲ್ಲುವುದು ಹೇಗೆ ಎಂಬುದು ಅಂದಿನ ಪಾಠ. ಹಲಗೆಯ ನಡುವಿನ ಕಾಲಾಳಿಗೆ ಹೇಳಿದ್ದನ್ನೇ ಅಂಚಿನ ಕಾಲಾಳಿಗೂ ಹೇಳಿಬಿಟ್ಟರು. ಅದು ಸರಿಯಲ್ಲ. ಕಾಲಾಳು ಹಲಗೆಯ ಅಂಚಿನ ಸಾಲಿನಲ್ಲಿದ್ದರೆ, ಎದುರಾಳಿಯ ರಾಜ ಓಡಿಹೋಗಿ ಆ ಸಾಲಿನ ಕೊನೆಯ ಮೂಲೆಮನೆ ಹಿಡಿದರೆ ಸಾಕು, ಯಾರಿಂದಲೂ ಅವನನ್ನು ಕದಲಿಸಲು ಆಗದು, ಆಟ ಸಮ. ಇದು ನಿಮಗೂ ಗೊತ್ತಿರುತ್ತದೆ. ಚದುರಂಗದ ನಿಯಮ ನಮ್ಮ ಕಾಲದಲ್ಲೂ ಬದಲಾಗಿಲ್ಲ.

ಆ ಪಾಠದ ಕೆಳಗೆ ಕಲ್ಲಾನೆ ಎಂಬ ಹೆಸರಿನವನು ಹೀಗೆ ಬರೆದ: "ಅಂಚಿನ ಕಾಲಾಳು ಗೆಲ್ಲತೈತಂತ. ರಾಜ ಮೂಲಿಗೆ ಹೋಗಿ ಕುಂತರ ಏನು ಮಾಡ್ತೀ ಯವ್ವಾ? ಕೂಸು ಹೊರಗ ತಗದಂಗ ಅವನ್ನ ತಗೀತೀಯೇನು? ಸೂಲಗಿತ್ತಿ ಕೆಲಸ ಬಿಟ್ಟು ಬಂದು ಇಲ್ಲಿ ಜನರ ತಲಿ ಕೆಡಸಬ್ಯಾಡ. ಬಿಟ್ಟಿ ಪಾಠದ ಯೋಗ್ಯತೆ ಇಷ್ಟ."

ಕಲ್ಲಾನೆ ಅಂದರೆ ಹೊಸಪೇಟೆಯ ಕೊಟ್ರೇಶ ಮುಂಡರಗಿ. ಒಂದು ಕಾಲಕ್ಕೆ ನಾಡಿನ ಪಂದ್ಯ ಗೆದ್ದವನು. ಅವನ ಮಾತು ಬಿದ್ದದ್ದೇ ತಡ, ಸುಮ್ಮನಿದ್ದವರಿಗೂ ನಾಲಗೆ ಬಂತು. ಕೆಲವರು ಅಕ್ಕೋರ ಹಳೆಯ ಪಾಠಗಳನ್ನು ಹೆಕ್ಕಿ ನಗಾಡಿದರು. ಅಕ್ಕೋರ ಪರ ನಿಂತವರು ಇನ್ನೂ ಕೆಟ್ಟದಾಗಿ ಕೊಟ್ರೇಶನ ತಾಯಿ ತಂದೆಯವರೆಗೂ ಹೋದರು. ಸಂಜೆಯ ಹೊತ್ತಿಗೆ ಅಂಚಿನ ಕಾಲಾಳು ಗೆಲ್ಲುತ್ತದೋ ಇಲ್ಲವೋ ಎನ್ನುವುದು ಯಾರಿಗೂ ನೆನಪಿರಲಿಲ್ಲ. ಮರುದಿನ ಅಕ್ಕೋರ ತರಗತಿಯ ಬಾಗಿಲಲ್ಲಿ ಒಂದೇ ಸಾಲಿತ್ತು: ಇನ್ನು ಪಾಠ ಇರುವುದಿಲ್ಲ. ಆ ವಾರವೇ ಬಳ್ಳಾರಿಯ ಮಾಸ್ತರೊಬ್ಬರು, "ಇವತ್ತು ಅವರು, ನಾಳೆ ನಾವು" ಎಂದು ಬರೆದು ಎದ್ದುಹೋದರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಹೋದರು. ಕಟ್ಟೆಯಲ್ಲಿ ಆಡುವವರು ಉಳಿದರು, ಕಲಿಸುವವರು ಇಲ್ಲವಾದರು. ಹೊಸದಾಗಿ ಬಂದವರು ಖಾಲಿ ತರಗತಿಗಳಲ್ಲಿ ಇಣುಕಿ ಮರಳುತ್ತಿದ್ದರು.

ಬಾಳವ್ವ ನನಗೆ ಕರೆ ಮಾಡಿದಳು. "ಅಗಸಿಯವರ, ಅಕ್ಕೋರು ಯಾವಾಗ ಬರ್ತಾರ?"

"ಗೊತ್ತಿಲ್ಲಬೇ."

"ಅವರು ಬರೂತನಾ ನಾ ಉರಿಹೊತ್ತು ಹೆಂಗ ಕಳೀಲಿ?" ಎಂದಳು. ಅಷ್ಟಕ್ಕೇ ಕರೆ ಕಡಿದಳು. ಮತ್ತೆ ಮೊದಲಿನಂತೆ ಮೌನಕ್ಕೆ ಹೋದಳೇನೋ ಎಂದು ನನಗೆ ಹೆದರಿಕೆಯಾಯಿತು.

ಅಗಸಿಯವರೆಲ್ಲ ಕೂಡಿದೆವು. ಅರ್ಧ ಜನ ಕೊಟ್ರೇಶನನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿರಿ ಎಂದರು. ಇನ್ನರ್ಧ ಜನ, ಅವನು ಹೇಳಿದ್ದು ಸರಿಯಾಗಿಯೇ ಇದೆ, ಕಲಿಸುವವರ ಚರ್ಮ ಸ್ವಲ್ಪ ದಪ್ಪ ಇರಬೇಕು ಎಂದರು. ನನಗೆ ಎರಡೂ ರುಚಿಸಲಿಲ್ಲ. ಇಬ್ಬರ ಕೂಡಲೂ ಮಾತಾಡಿ ಬರುತ್ತೇನೆ, ಅಲ್ಲಿತನಕ ಏನೂ ಮಾಡಬೇಡಿ ಎಂದು ಕೇಳಿಕೊಂಡೆ.

ಕೊಟ್ರೇಶನಿಗೆ ಕರೆ ಮಾಡಿದಾಗ ಅವನು ಜಗಳಕ್ಕೆ ಸಿದ್ಧನಾಗಿಯೇ ಇದ್ದ.

"ನಾ ಹೇಳಿದ್ದು ಸುಳ್ಳೇನ್ರಿ?"

"ಸುಳ್ಳಲ್ರಿ. ಖರೇನ ಐತಿ."

"ಮತ್ಯಾಕ ಫೋನ್ ಮಾಡೀರಿ?"

"ಖರೇ ಮಾತು ಹೇಳಾಕ ಸೂಲಗಿತ್ತಿ ಅನ್ನೂದು ಯಾಕ ಬೇಕಾತು ಅಂತ ಕೇಳಾಕ."

ಅವನು ಹೇಳಿದ. "ನೋಡ್ರಿ, ನನ್ನ ಗುರುಗಳು ತಪ್ಪು ನಡಿ ಇಟ್ರ ಕಾಯಿ ತಗದು ಮಾರಿಗೆ ಒಗೀತಿದ್ರು. ಹಂಗ ಕಲ್ತದ್ದಕ್ಕ ನಾ ಗೆದ್ದೆ. ಈ ಸಕ್ಕರಿ ಮಾತಿನಿಂದ ಆಟ ಹಾಳಾಗತೈತಿ."

"ನಿಮ್ಮ ಜೋಡಿ ಮತ್ಯಾರು ಕಲೀತಿದ್ರಿ ಅಲ್ಲಿ?"

"ಭಾಳ ಮಂದಿ ಇದ್ರು. ಬಿಟ್ಟು ಹೋದ್ರು."

"ಅವರೊಳಗ ನಿಮಗಿಂತ ಚಲೋ ಆಡಾವರು ಯಾರರೆ ಇದ್ರೇನ್ರಿ?"

"ನಮ್ಮ ಅಣ್ಣ ಇದ್ದ," ಎಂದ. ಅಷ್ಟು ಹೇಳಿ ಫೋನ್ ಇಟ್ಟ.

ಇಳಕಲ್ಲಿಗೆ ನಾನೇ ಹೋದೆ. ನಸುಕಿನ ಗಾಡಿ ಹಿಡಿದು, ಬಿಸಿಲೇರುವ ಮುಂಚೆ ಆಸ್ಪತ್ರೆ ಸೇರಿದೆ. ಅಕ್ಕೋರು ಆಗಷ್ಟೇ ಹುಟ್ಟಿದ ಕೂಸನ್ನು ಅದರ ಅಜ್ಜಿಯ ಕೈಗೆ ಕೊಟ್ಟು ಹೊರಗೆ ಬಂದರು. ಪರದೆಯ ಮೇಲೆ ಕಂಡಿದ್ದಕ್ಕಿಂತ ಗಿಡ್ಡ, ದೊಡ್ಡ ನಗೆ. ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿ, ನಾನು ಉಣ್ಣುವ ತನಕ ಬಂದ ಕಾರಣ ಕೇಳಲಿಲ್ಲ. ಅವನ ಬೈಗುಳ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ನಾನು ಶುರು ಮಾಡಿದಾಗ ತಲೆ ಅಲ್ಲಾಡಿಸಿದರು.

"ಸೂಲಗಿತ್ತಿ ಅಂದದ್ದಕ್ಕ ನನಗ ಸಿಟ್ಟಿಲ್ಲವಾ ಸುವರ್ಣಾ. ಅದು ನನ್ನ ಉದ್ಯೋಗ, ಅದರಾಗ ಏನು ಸಣ್ಣತನ ಐತಿ? ನೋವು ಬ್ಯಾರೆ. ನಾ ಖರೇನ ತಪ್ಪು ಹೇಳಿದ್ದೆ. ಅವತ್ತ ಸಂಜಿ ಕೆರೂರಿನ ಪಂದ್ಯದಾಗ ನನ್ನ ಪಾಠ ನಂಬಿ ಒಬ್ಬಾಕಿ ಗೆಲ್ಲೂ ಆಟ ಬಿಟ್ಟು ಅಂಚಿನ ಕಾಲಾಳಿನ ಬೆನ್ನ ಹತ್ತಿದಳಂತ. ತಿದ್ದಬೇಕಂತ ಮರುದಿನ ಕುಂತೆ. ಆದ್ರ ತಪ್ಪಾತು ಅಂದ್ರ ಅವ ಅಂದದ್ದೆಲ್ಲಾ ಒಪ್ಪಿದಂಗ ಆಗತೈತಿ, ಬಿಟ್ಟಿ ಪಾಠ, ಯೋಗ್ಯತೆ, ಎಲ್ಲಾ. ತಪ್ಪಿಲ್ಲ ಅಂದ್ರ ಸುಳ್ಳು ಹೇಳಿದಂಗ. ಎರಡೂ ಆಗಲಿಲ್ಲ. ಬಾಗಲಾ ಹಾಕಿದೆ."

ಹಿರಿಯರೇ, ಈ ಮಾತು ಕೇಳಿದ ಮೇಲೆ ನನಗೆ ಕಣ್ಣು ತೆರೆಯಿತು. ಒರಟು ಮಾತು ಮನಸ್ಸು ನೋಯಿಸುತ್ತದೆ ಎಂದಷ್ಟೇ ನಾವು ತಿಳಿದಿದ್ದೆವು. ಅದು ಮಾಡುವ ದೊಡ್ಡ ಕೇಡು ಬೇರೆಯೇ ಇದೆ: ತಪ್ಪನ್ನು ತಿದ್ದಿಕೊಳ್ಳುವ ದಾರಿಯನ್ನೇ ಅದು ಮುಚ್ಚಿಬಿಡುತ್ತದೆ. ಕಾಳಿನ ಜೊತೆ ಜೊಳ್ಳು ಬೆರೆತಿದ್ದರೆ ಯಾರಿಂದ ನುಂಗಲಾದೀತು? ಹಾಗೆಂದು ರಾಶಿಯನ್ನೇ ಬೆಂಕಿಗೆ ಹಾಕಿದರೆ ಕಾಳೂ ಹೋಗುತ್ತದೆ. ರಾಶಿ ಮಾಡುವವರು ಏನು ಮಾಡುತ್ತಾರೆ? ಗಾಳಿಗೆ ಎತ್ತಿ ತೂರುತ್ತಾರೆ. ಮರಳುವ ಗಾಡಿಯಲ್ಲಿ ಕೂತಾಗ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಹೀಗೆ ನಮ್ಮಲ್ಲಿ ತೂರಿಕೆ ಶುರುವಾಯಿತು. ಪಾಠದ ಮೇಲೆ ಯಾರೇ ಒರಟಾಗಿ ಬರೆದರೂ ಅದು ಮೊದಲು ಅಗಸಿಯವರ ಕೈಗೆ ಬರುತ್ತದೆ. ಅದರಲ್ಲಿನ ಕಾಳನ್ನು, ಎಂದರೆ ಪಾಠದ ತಪ್ಪೇನು, ಸರಿ ಯಾವುದು ಎನ್ನುವುದನ್ನು, ಬರೆದವರ ಹೆಸರಿನ ಜೊತೆಗೇ ಕಲಿಸುವವರಿಗೆ ಕೊಡುತ್ತೇವೆ. ಜೊಳ್ಳನ್ನು ಬರೆದವರಿಗೇ ಹಿಂದಿರುಗಿಸುತ್ತೇವೆ. ಬೈಗುಳ ಮಾತ್ರ ಇದ್ದರೆ ಪೂರ್ತಿ ಹಿಂದಕ್ಕೆ ಹೋಗುತ್ತದೆ. ಕಲಿಸುವವರ ಪರ ನಿಂತು ಬೈದವರಿಗೂ ಇದೇ ನಿಯಮ. ಉಳಿದ ಅಗಸಿಯವರಲ್ಲಿ ಹಲವರು, ಇದು ಮೆತ್ತಗಾಯಿತು ಎಂದು ಗೊಣಗಿದರು. ಒಮ್ಮೆ ಮಾಡಿ ನೋಡೋಣ ಎಂದು ಒಪ್ಪಿಸಿದೆ. ಮೊದಲು ತೂರಿದ್ದು ಕೊಟ್ರೇಶನ ಮಾತನ್ನೇ. ಉಳಿದ ಕಾಳು ಇಷ್ಟು: "ಅಂಚಿನ ಕಾಲಾಳು ಗೆಲ್ಲುವುದಿಲ್ಲ. ಎದುರಿನ ರಾಜ ಮೂಲೆ ಹಿಡಿದರೆ ಆಟ ಸಮ. ತಿದ್ದಿದವರು: ಕೊಟ್ರೇಶ ಮುಂಡರಗಿ, ಹೊಸಪೇಟೆ." ಅದನ್ನು ಅಕ್ಕೋರಿಗೆ ಕಳಿಸಿದೆ. ಜೊಳ್ಳನ್ನು ಅವನಿಗೆ ಕಳಿಸಿದೆ. ಕಾಳಿಲ್ಲದೆ ಅದೊಂದನ್ನೇ ಓದಿದಾಗ ಹೇಗೆ ಕಾಣುತ್ತದೆ ಎಂದು ಅವನಿಗೆ ಅಂದೇ ಗೊತ್ತಾಯಿತು ಎಂದು ಮುಂದೊಮ್ಮೆ ಹೇಳಿದ.

ಅಕ್ಕೋರಿಂದ ಅಂದೇ ಉತ್ತರ ಬಂತು. "ಇದು ನುಂಗಾಕ ಬರತೈತಿ. ನಾಳೆ ಪಾಠ ಐತಿ ಅಂತ ಸಾರಿಬಿಡು. ಕೊಟ್ರೇಶಪ್ಪನವರನ್ನೂ ಕರಿ."

ಮರುದಿನ ಕೊಂಬು ಊದುವ ಮೊದಲೇ ತರಗತಿ ತುಂಬಿತ್ತು. ಕಲಿಯುವವರು, ಬಿಟ್ಟುಹೋದ ಮಾಸ್ತರುಗಳು, ಜಗಳ ನೋಡಲು ಬಂದವರು, ಎಲ್ಲರೂ ಇದ್ದರು. ಕೊಟ್ರೇಶನೂ ಬಂದು ಹಿಂದೆ ಸುಮ್ಮನೆ ಕೂತಿದ್ದ. ಅಕ್ಕೋರು ಪೀಠಿಕೆ ಹಾಕಲಿಲ್ಲ. ಹಲಗೆಯ ಮೇಲೆ ಬಿಳಿ ರಾಜ, ಅಂಚಿನಲ್ಲಿ ಒಂದು ಬಿಳಿ ಕಾಲಾಳು, ದೂರದಲ್ಲಿ ಕಪ್ಪು ರಾಜನನ್ನು ಇಟ್ಟರು.

"ಇದನ್ನ ಬಿಳಿ ಗೆಲ್ಲತೈತಿ ಅಂತ ಹೇಳಿದ್ದೆ. ಅದು ತಪ್ಪು. ತಿದ್ದಿದವರು ಕೊಟ್ರೇಶಪ್ಪನವರು, ಅವರು ಹೇಳಿದ್ದು ಸರಿ ಐತಿ." ಹೀಗೆಂದು, ಸರಿಯಾದ ಪಾಠವನ್ನು ಮೊದಲಿಂದ ಹೇಳಿದರು. ಕಪ್ಪು ರಾಜನಿಗೆ ಕಾಲಾಳನ್ನು ತಿನ್ನುವ ಆಸೆ ಬರುತ್ತದೆ, ಆ ಆಸೆಗೆ ಬಿದ್ದರೆ ದಾರಿ ತಪ್ಪಿ ಸೋಲುತ್ತಾನೆ, ನೇರ ಮೂಲೆಗೆ ಓಡಬೇಕು, ಹೋಗಿ ಕೂರಬೇಕು, ಅಷ್ಟೇ. ಪಾಠ ಮುಗಿದ ಮೇಲೆ ಕೊಟ್ರೇಶನ ಕಡೆ ತಿರುಗಿದರು. "ಯಪ್ಪಾ, ನೀವು ಬಿಳಿ ಹಿಡೀರಿ. ನಿಮಗ ಹೆಂಗ ಬೇಕೋ ಹಂಗ ಕಾಯಿ ಹೂಡ್ರಿ, ಎಷ್ಟು ಕಷ್ಟ ಆದರೂ ನಡೀತೈತಿ. ನನ್ನ ತರಗತಿಯವರು ಕಪ್ಪು ಹಿಡೀತಾರ. ಬಾಳವ್ವಾರ, ಬರ್ರಿ."

ತರಗತಿಯಲ್ಲಿ ಗುಸುಗುಸು ಎದ್ದಿತು. ಎಲ್ಲರಿಗಿಂತ ನಿಧಾನ ಕಲಿತವಳನ್ನೇ ಅಕ್ಕೋರು ಕರೆದಿದ್ದರು. ಕೊಟ್ರೇಶ ಮುಂದೆ ಬಂದ. ಅವನು ರಿಯಾಯಿತಿ ತೋರಿಸಲಿಲ್ಲ, ಅದು ಅವನ ಗುಣ. ಒಂದು ನಡೆ ತಪ್ಪಿದರೂ ಕಪ್ಪು ಸೋಲುವಂತೆ ಕಾಯಿ ಹೂಡಿದ. ಮೊದಲ ನಡೆಯಲ್ಲೇ ಕಾಲಾಳನ್ನು ಕಪ್ಪು ರಾಜನ ಬಾಯಿಗೆ ಸಿಗುವ ಹಾಗೆ ಬಿಟ್ಟುಕೊಟ್ಟ, ಸಿಗುವ ಹಾಗೆ ಕಾಣುತ್ತಿತ್ತು ಅಷ್ಟೇ. ಪರದೆಯ ಮೇಲೆ ಬಾಳವ್ವನ ಕೈ ಕಾಲಾಳಿನ ಕಡೆ ಹೋಯಿತು. ಕೈ ನಿಂತಿತು. ಮುದುಕಿ ತನ್ನಷ್ಟಕ್ಕೆ ಏನೋ ಅಂದುಕೊಂಡಳು, ರಾಜನನ್ನು ಮೂಲೆಯ ದಿಕ್ಕಿಗೆ ಇಟ್ಟಳು. ಕೊಟ್ರೇಶ ಅಡ್ಡ ಬಂದ, ಅವಳು ಓರೆಯಾಗಿ ಸರಿದಳು. ಅವನು ಮತ್ತೆ ಅಡ್ಡ ಬಂದ, ಅವಳು ಇನ್ನೊಂದು ಮನೆ ಸರಿದಳು. ಕಡೆಗೆ ಕಪ್ಪು ರಾಜ ಮೂಲೆಮನೆಗೆ ಹೋಗಿ ಕೂತ. ಕೊಟ್ರೇಶ ತನಗೆ ಗೊತ್ತಿದ್ದ ಯುಕ್ತಿಯನ್ನೆಲ್ಲ ಬಳಸಿದ. ರಾಜ ಮೂಲೆ ಬಿಟ್ಟು ಪಕ್ಕದ ಮನೆಗೆ ಬರುವನು, ಮತ್ತೆ ಮೂಲೆಗೆ ಹೋಗುವನು. ಕೊನೆಗೆ ಕೊಟ್ರೇಶ ಕಾಲಾಳನ್ನು ಮುಂದೆ ದೂಡಿದಾಗ ಕಪ್ಪಿಗೆ ಶಹವೂ ಇರಲಿಲ್ಲ, ಇಡಲು ನಡೆಯೂ ಇರಲಿಲ್ಲ. ಆಟ ಸಮ.

ನಾಡಿನ ಪಂದ್ಯ ಗೆದ್ದವನ ಎದುರು ಲಕ್ಕುಂಡಿಯ ಬಾಳವ್ವ ಸೋಲಲಿಲ್ಲ.

ಆ ಸದ್ದನ್ನು ನಾನು ಹೇಗೆ ಬರೆಯಲಿ? ಕಟ್ಟೆ ಕಟ್ಟೆಯೇ ಕೂಗಿತು. ನಮ್ಮ ಓಣಿಯ ಮುಚ್ಚಿದ ಮನೆಗಳ ಒಳಗಿಂದ ಜನ ತಾಟು ಬಡಿಯುವುದು ನನಗೆ ಕೇಳಿಸಿತು. ಕೊಟ್ರೇಶ ಹಲಗೆಯನ್ನೇ ನೋಡುತ್ತಿದ್ದ. ಆಮೇಲೆ ಅವನ ಭುಜ ಅಲುಗಿತು. ಅಳುತ್ತಿದ್ದಾನೇನೋ ಅಂದುಕೊಂಡೆ. ಅವನು ನಗುತ್ತಿದ್ದ.

"ನಾನ ಹೇಳಿದ್ದೆನಲ್ರೀ, ಇದನ್ನ ಗೆಲ್ಲಾಕ ಬರೂದಿಲ್ಲ ಅಂತ," ಎಂದ. ಎಲ್ಲರೂ ನಕ್ಕರು. ನಗೆ ನಿಂತ ಮೇಲೆ ಅವನು ದನಿ ತಗ್ಗಿಸಿ ಹೇಳಿದ, "ಅಕ್ಕೋರ, ಒಂದ ದಿನದಾಗ ಇವರಿಗೆ ಇದನ್ನ ಕಲಿಸೀರಿ. ನನ್ನ ಕೈಲಿ ಆಗತಿದ್ದಿಲ್ಲ. ನಾ ಬರದ ಮಾತು ನನಗ ತಿರುಗಿ ಬಂದೈತಿ, ಓದೇನಿ. ಹೊಟ್ಟ್ಯಾಗ ಹಾಕ್ಕೋರಿ."

"ಹಾಕ್ಕೊಂಡೆ," ಎಂದರು ಅಕ್ಕೋರು. "ಬರೂ ಸೋಮವಾರ ನನಗ ಆಸ್ಪತ್ರ್ಯಾಗ ಕೆಲಸ ಐತಿ. ಪಾಠ ನೀವು ಹೇಳ್ತೀರೇನು?"

ಅವನು ಹೇಳಿದ. ಮೊದಲ ಪಾಠದಲ್ಲೇ, "ಇಷ್ಟೂ ತಿಳಿಯಂಗಿಲ್ಲೇನು ನಿಮಗ" ಎಂದುಬಿಟ್ಟು, ತಾನೇ ತಡವರಿಸಿ, "ಇದನ್ನ ತೂರಿಬಿಡ್ರಿ" ಎಂದ. ಆ ಮಾತು ಇಂದಿಗೂ ನಮ್ಮಲ್ಲಿ ಗಾದೆಯಾಗಿ ಉಳಿದಿದೆ. ಎದ್ದುಹೋಗಿದ್ದ ಮಾಸ್ತರುಗಳು, ಅಕ್ಕೋರುಗಳು ಆ ತಿಂಗಳಲ್ಲೇ ಮರಳಿದರು. ಬಳ್ಳಾರಿಯವರು ಮಾತ್ರ ಬರಲಿಲ್ಲ. ನಾನು ಎರಡು ಸಲ ಹೋಗಿ ಕರೆದೆ. ಮನಸ್ಸು ಮುರಿದಿದೆ ತಾಯಿ ಎಂದು ಕೈ ಮುಗಿದರು. ನಮ್ಮ ಗೆಲುವಿನಲ್ಲಿ ಅದೊಂದು ಖಾಲಿ ಮನೆ, ಅದನ್ನು ನಿಮಗೆ ಮುಚ್ಚಿಡುವುದಿಲ್ಲ. ಉಳಿದಂತೆ ತೂರಿಕೆ ನಾವು ಎಣಿಸದಷ್ಟು ದೂರ ಹೋಯಿತು. ಹಾಡು ಕಲಿಸುವ ಕಟ್ಟೆಗಳು ಅದನ್ನು ತೆಗೆದುಕೊಂಡವು, ಶಾಲೆಗಳು ತೆಗೆದುಕೊಂಡವು, ನೀರು ಹಂಚಿಕೆಗೆ ಕೂಡುವ ಪಂಚಾಯಿತಿಗಳೂ ತೆಗೆದುಕೊಂಡವು. ಹೋದ ವರ್ಷ ನಮ್ಮ ಕಟ್ಟೆಯಲ್ಲಿ ಕಲಿಯುವವರಿಗೆ ಜಾಗ ಹುಡುಕುವ ಮೊದಲು ಕಲಿಸುವವರಿಗೆ ತರಗತಿ ಹುಡುಕಬೇಕಾಯಿತು. ಕಲಿಸಲು ಅಷ್ಟು ಜನ ಮುಂದೆ ಬಂದಿದ್ದರು.

ಇಂದು ಹಬ್ಬದ ಉರಿಹೊತ್ತಿನಲ್ಲಿ ಹೊಸ ತರಗತಿಯೊಂದು ಶುರುವಾಯಿತು. ಕಲಿಸಲು ಕೂತವಳು ಬಾಳವ್ವ. ಮಂತ್ರಿಯ ನಡೆ ಹೇಳುವ ಭರದಲ್ಲಿ ಅದನ್ನು ಕುದುರೆಯ ಹಾಗೆ ಹಾರಿಸಿಬಿಟ್ಟಳು. ಕಾರವಾರದ ಸಣ್ಣ ಹುಡುಗಿಯೊಬ್ಬಳು ಕೈ ಎತ್ತಿ, "ಅಜ್ಜಿ, ಮಂತ್ರಿ ಹಾಗೆ ಹಾರೂದಿಲ್ಲ ಅಲ್ವಾ?" ಎಂದಳು.

ಬಾಳವ್ವ ಹಲಗೆ ನೋಡಿದಳು. "ಹೌದಲ್ಲವಾ ನನ್ನ ತಾಯಿ," ಎಂದು ಮಂತ್ರಿಯನ್ನು ಹಿಂದಕ್ಕೆ ತಂದಿಟ್ಟು ಪಾಠ ಮುಂದುವರಿಸಿದಳು. ಅವಳ ಮುಖದಲ್ಲಿ ನಾಚಿಕೆಯಿರಲಿಲ್ಲ, ಹುಡುಗಿಯ ಮುಖದಲ್ಲಿ ಹೆದರಿಕೆಯೂ ಇರಲಿಲ್ಲ. ಅಗಸಿಯವರು ತೂರುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಕಾಲದಲ್ಲೂ ಯಾರೋ ಒಬ್ಬರು ದಣಿದು ಬಂದು, ಊಟ ಬಿಟ್ಟು, ಗುರುತಿಲ್ಲದವರಿಗೆ ಬಿಟ್ಟಿ ಪಾಠ ಹೇಳುತ್ತಿರುತ್ತಾರೆ, ತಪ್ಪೂ ಹೇಳುತ್ತಿರುತ್ತಾರೆ. ಆ ತಪ್ಪನ್ನು ಖಂಡಿತ ಹೇಳಿರಿ, ಮುಚ್ಚಿಡಬೇಡಿ. ಬರೆದದ್ದನ್ನು ಕಳಿಸುವ ಮುಂಚೆ ಒಮ್ಮೆ ನೀವೇ ಗಾಳಿಗೆ ಹಿಡಿಯಿರಿ. ನಿಮ್ಮಲ್ಲಿ ಅಗಸಿಯವರು ಇರಲಿಕ್ಕಿಲ್ಲ. ಕಲಿಸುತ್ತಿರುವವರೇ, ನೀವು ಏಳಬೇಡಿ. ನಿಮ್ಮಿಂದ ಕಲಿತವರು ಇನ್ನೊಬ್ಬರಿಗೆ ಕಲಿಸಿದರು, ಅವರು ಮತ್ತೊಬ್ಬರಿಗೆ ಕಲಿಸಿದರು, ಹಾಗೆ ಬಂದು ಈ ಆಟ ನಮ್ಮ ಕೈಗೆ ಮುಟ್ಟಿದೆ. ನೀವು ಆ ದಿನ ಎದ್ದುಹೋಗಲಿಲ್ಲ ಎನ್ನುವುದಕ್ಕೆ ಇಲ್ಲಿ ಆಡುತ್ತಿರುವ ನಾವೇ ಸಾಕ್ಷಿ.

ನಿಮ್ಮ ಮುಂದಿನವಳು,
ಸುವರ್ಣಾ ಬರಗುಂಡಿ